ಚೆನ್ನೈ: ಅಂತರರಾಷ್ಟ್ರೀಯ ಮಾದಕವಸ್ತು ಸಾಗಣೆ ಮತ್ತು ನಿಯಂತ್ರಣ

ಬಂಗಾಳ ಕೊಲ್ಲಿಯ ದಡದಲ್ಲಿರುವ ಚೆನ್ನೈಯ ಸುತ್ತ ಗಸಗಸೆ ಬೆಳೆಯುವುದಿಲ್ಲ, ಕೋಕಾ ಗಿಡವಿಲ್ಲ. ಆದರೂ 1980ರ ದಶಕದಿಂದ ಈ ನಗರ ದಕ್ಷಿಣ ಏಷ್ಯಾದ ಮಾದಕವಸ್ತು ಕಳ್ಳಸಾಗಣೆಯ ಮುಖ್ಯ ತಾಣಗಳಲ್ಲಿ ಒಂದಾಗಿದೆ. ಬೇರೆ ಕಡೆ ಬೆಳೆದ, ಬೇರೆ ಕಡೆ ಬೇಯಿಸಿದ ಸರಕು ಇಲ್ಲಿಗೆ ಬಂದು, ಕೈ ಬದಲಿಸಿ, ಶ್ರೀಲಂಕಾ, ಮಲೇಷ್ಯಾ, ಆಸ್ಟ್ರೇಲಿಯಾಗಳಿಗೆ ಹೊರಡುತ್ತದೆ. ಯುರೋಪ್, ಆಫ್ರಿಕಾ, ಥಾಯ್ಲೆಂಡ್‌ಗಳಿಂದ ಬರುವ ಸರಕು ಇದೇ ಊರಿನ ಮೂಲಕ ದೇಶದ ಒಳಕ್ಕೆ ಇಳಿಯುತ್ತದೆ. ಹೀಗೆ ದಾಟಿಹೋಗುವ ಸರಕಿನ ಒಂದು ಪಾಲು ಪ್ರತಿ ಸಲವೂ ದಾರಿಯ ಊರಿನಲ್ಲಿ ಉಳಿದು ಅಲ್ಲಿಯ ಮಕ್ಕಳ ಕೈ ಸೇರುತ್ತದೆ. ಸಾಗಣೆದಾರರ ಸರಪಳಿಯನ್ನು ಕಡಿಯುವುದು ಮತ್ತು ವ್ಯಸನಕ್ಕೆ ಬಿದ್ದವರನ್ನು ಮೇಲೆತ್ತುವುದು ಎರಡೂ ಕೂಡಿದರೆ ಮಾತ್ರ ನಿಯಂತ್ರಣ ಪೂರ್ಣವಾಗುತ್ತದೆ. ಚೆನ್ನೈಯ ನಾಲ್ಕು ದಶಕಗಳ ಅನುಭವ ಇದಕ್ಕೆ ಸಾಕ್ಷಿ.

ಭೌಗೋಳಿಕ ಹಿನ್ನೆಲೆ

ಜಗತ್ತಿನ ಅಕ್ರಮ ಅಫೀಮಿನ ಎರಡು ದೊಡ್ಡ ನೆಲೆಗಳ ನಡುವೆ ಭಾರತವಿದೆ. ಪಶ್ಚಿಮಕ್ಕೆ ಅಫ್ಘಾನಿಸ್ತಾನ, ಪಾಕಿಸ್ತಾನ, ಇರಾನ್‌ಗಳು ಸೇರಿದ ‘ಸುವರ್ಣ ಅರ್ಧಚಂದ್ರ’. ಪೂರ್ವಕ್ಕೆ ಮ್ಯಾನ್ಮಾರ್, ಲಾವೋಸ್, ಥಾಯ್ಲೆಂಡ್‌ಗಳ ‘ಸುವರ್ಣ ತ್ರಿಕೋನ’. ಅಫ್ಘಾನಿಸ್ತಾನದಲ್ಲಿ ತಾಲಿಬಾನ್ ಆಡಳಿತ 2022ರ ಏಪ್ರಿಲ್‌ನಲ್ಲಿ ಗಸಗಸೆ ಬೇಸಾಯವನ್ನು ನಿಷೇಧಿಸಿತು. ಮರುವರ್ಷ ಅಲ್ಲಿಯ ಬೆಳೆ ಶೇ 95ರಷ್ಟು ಕುಸಿಯಿತೆಂದು ವಿಶ್ವಸಂಸ್ಥೆಯ ಮಾದಕವಸ್ತು ಮತ್ತು ಅಪರಾಧ ಕಚೇರಿ ಅಂದಾಜು ಮಾಡಿತು. 2023ರಲ್ಲಿ ಮ್ಯಾನ್ಮಾರ್ ಅತಿ ಹೆಚ್ಚು ಅಫೀಮು ಬೆಳೆಯುವ ದೇಶವಾಯಿತು. ಮ್ಯಾನ್ಮಾರ್‌ನ ಶಾನ್ ರಾಜ್ಯದಲ್ಲಿ ಮೆಥಾಂಫೆಟಮಿನ್ ತಯಾರಿಕೆಯೂ ದೊಡ್ಡ ಪ್ರಮಾಣದಲ್ಲಿದೆ. ಉತ್ಪಾದನೆಯ ಕೇಂದ್ರ ಪಶ್ಚಿಮದಿಂದ ಪೂರ್ವಕ್ಕೆ ಸರಿದಂತೆಲ್ಲ ಬಂಗಾಳ ಕೊಲ್ಲಿಯ ಮೇಲಿನ ಒತ್ತಡ ಹೆಚ್ಚಿತು.

ದೇಶದ ಒಳಗೂ ಎರಡು ಮೂಲಗಳಿವೆ. ಮಧ್ಯಪ್ರದೇಶ, ರಾಜಸ್ಥಾನ, ಉತ್ತರ ಪ್ರದೇಶಗಳ ಗೊತ್ತುಪಡಿಸಿದ ಪ್ರದೇಶಗಳಲ್ಲಿ ಗ್ವಾಲಿಯರ್‌ನ ಕೇಂದ್ರ ಮಾದಕವಸ್ತು ಬ್ಯೂರೊ ನೀಡುವ ಪರವಾನಗಿಯ ಮೇಲೆ ರೈತರು ಔಷಧಕ್ಕಾಗಿ ಗಸಗಸೆ ಬೆಳೆಯುತ್ತಾರೆ. ಅಫೀಮು ನೀಮಚ್ ಮತ್ತು ಘಾಜಿಪುರದ ಸರ್ಕಾರಿ ಕಾರ್ಖಾನೆಗಳಿಗೆ ಹೋಗಬೇಕು. ಲೆಕ್ಕ ತಪ್ಪಿಸಿ ಉಳಿಸಿಕೊಂಡದ್ದು ಹೆರಾಯಿನ್ ಆಗಿ ದಕ್ಷಿಣಕ್ಕೆ ಇಳಿಯುತ್ತದೆ. ಎರಡನೆಯ ಮೂಲ ಆಂಧ್ರ–ಒಡಿಶಾ ಗಡಿಯ ಗಾಂಜಾ. ವಿಶಾಖಪಟ್ಟಣದ ಹಿಂದಿನ ಏಜೆನ್ಸಿ ಪ್ರದೇಶ, ಈಗಿನ ಅಲ್ಲೂರಿ ಸೀತಾರಾಮರಾಜು ಜಿಲ್ಲೆ, ಒಡಿಶಾದ ಕೋರಾಪುಟ್ ಮತ್ತು ಮಲ್ಕನಗಿರಿ ಜಿಲ್ಲೆಗಳ ಬೆಟ್ಟಗಳಲ್ಲಿ ಬೆಳೆದ ಗಾಂಜಾಕ್ಕೆ ಚೆನ್ನೈ ದಕ್ಷಿಣಕ್ಕೆ ಹೋಗುವ ರೈಲುದಾರಿಯಲ್ಲಿ ಸಿಗುವ ಮೊದಲ ಮಹಾನಗರ.

ಚೆನ್ನೈ ಬಂದರು, ಎಣ್ಣೂರಿನ ಕಾಮರಾಜರ್ ಬಂದರು ಮತ್ತು ಕಾಟುಪಳ್ಳಿ ಬಂದರು ಹತ್ತಿರ ಹತ್ತಿರದಲ್ಲಿವೆ. ಮೀನಂಬಾಕ್ಕಂ ವಿಮಾನ ನಿಲ್ದಾಣದಿಂದ ಕೊಲಂಬೊ, ಸಿಂಗಪುರ, ಕ್ವಾಲಾಲಂಪುರ, ದೋಹಾ, ದುಬೈಗಳಿಗೆ ನೇರ ಸಂಪರ್ಕವಿದೆ. ದಕ್ಷಿಣಕ್ಕೆ ಹೋದರೆ ವೇದಾರಣ್ಯಂ, ನಾಗಪಟ್ಟಿಣಂ, ರಾಮನಾಥಪುರದ ಮೀನುಗಾರಿಕೆ ತೀರಗಳು. ಅಲ್ಲಿಂದ ಪಾಕ್ ಜಲಸಂಧಿ ದಾಟಿದರೆ ಶ್ರೀಲಂಕಾ. ಧನುಷ್ಕೋಡಿಗೂ ತಲೈಮನ್ನಾರ್‌ಗೂ ನಡುವೆ ಸುಮಾರು 30 ಕಿಲೊಮೀಟರ್ ಸಮುದ್ರ ಮಾತ್ರ.

ಚಾರಿತ್ರಿಕ ಹಿನ್ನೆಲೆ

ಮಾದಕವಸ್ತುಗಳು ವಸಾಹತು ಸರ್ಕಾರಕ್ಕೆ ಆದಾಯದ ಮೂಲವಾಗಿದ್ದವು. ಈಸ್ಟ್ ಇಂಡಿಯಾ ಕಂಪನಿ ಬಂಗಾಳದ ಅಫೀಮನ್ನು ಏಕಸ್ವಾಮ್ಯದಲ್ಲಿಟ್ಟುಕೊಂಡು ಚೀನಾದ ಮಾರುಕಟ್ಟೆಗೆ ಹರಿಸಿತು. 1857 ಮತ್ತು 1878ರ ಅಫೀಮು ಕಾಯ್ದೆಗಳು ಬೇಸಾಯಕ್ಕೂ ಮಾರಾಟಕ್ಕೂ ಪರವಾನಗಿಯ ಚೌಕಟ್ಟು ಹಾಕಿದವು. ಮದ್ರಾಸ್ ಪ್ರಾಂತ್ಯದಲ್ಲಿ 1886ರ ಅಬ್ಕಾರಿ ಕಾಯ್ದೆ ಮದ್ಯ ಮತ್ತು ಅಮಲು ಪದಾರ್ಥಗಳ ಗುತ್ತಿಗೆಯನ್ನು ನಿಯಂತ್ರಿಸುತ್ತಿತ್ತು. ದಕ್ಷಿಣ ಕನ್ನಡವೂ ಆಗ ಇದೇ ಪ್ರಾಂತ್ಯದ ಭಾಗವಾಗಿದ್ದರಿಂದ ಮಂಗಳೂರಿನ ಅಬ್ಕಾರಿ ಗುತ್ತಿಗೆಗೂ ನಿಯಮ ಬರುತ್ತಿದ್ದುದು ಮದ್ರಾಸಿನಿಂದಲೇ. 1893–94ರಲ್ಲಿ ಭಾರತೀಯ ಹೆಂಪ್ ಮಾದಕವಸ್ತು ಆಯೋಗ ಮದ್ರಾಸೂ ಸೇರಿದಂತೆ ಎಲ್ಲ ಪ್ರಾಂತ್ಯಗಳಲ್ಲಿ ಸಾಕ್ಷ್ಯ ಸಂಗ್ರಹಿಸಿತು. ಪೂರ್ಣ ನಿಷೇಧದ ಬದಲು ತೆರಿಗೆ ಮತ್ತು ಪರವಾನಗಿಯ ಮೂಲಕ ಹತೋಟಿ ಸಾಕೆಂಬುದು ಅದರ ಶಿಫಾರಸು.

ಅಪರಾಧ ತನಿಖೆಯಲ್ಲಿ ರಸಾಯನ ಪರೀಕ್ಷೆಯ ಪರಂಪರೆ ಇಲ್ಲಿ ಹಳೆಯದು. ವಿಷಪ್ರಯೋಗದ ಪ್ರಕರಣಗಳ ಪರೀಕ್ಷೆಗಾಗಿ 1849ರಲ್ಲಿ ಮದ್ರಾಸಿನಲ್ಲಿ ಸ್ಥಾಪನೆಯಾದ ರಾಸಾಯನಿಕ ಪರೀಕ್ಷಕರ ಪ್ರಯೋಗಾಲಯ ದೇಶದಲ್ಲೇ ಮೊದಲನೆಯದು. ಇಂದಿನ ತಮಿಳುನಾಡು ವಿಧಿವಿಜ್ಞಾನ ಇಲಾಖೆಯ ಮೂಲ ಅದೇ. ಪೊಲೀಸರು ವಶಪಡಿಸಿಕೊಂಡ ಪುಡಿ ಹೆರಾಯಿನ್ ಹೌದೋ ಅಲ್ಲವೋ ಎಂಬುದನ್ನು ಇಂದಿಗೂ ಆ ಇಲಾಖೆಯ ಪ್ರಯೋಗಾಲಯ ಹೇಳಬೇಕು.

ಸಿಂಹಳಕ್ಕೂ ಮದ್ರಾಸಿಗೂ ಜನಸಂಚಾರ ಹಿಂದಿನಿಂದ ಇತ್ತು. ಎಗ್ಮೋರಿನಿಂದ ಹೊರಡುತ್ತಿದ್ದ ‘ಬೋಟ್ ಮೇಲ್’ ರೈಲು ಧನುಷ್ಕೋಡಿಯಲ್ಲಿ ಪ್ರಯಾಣಿಕರನ್ನು ಹಡಗಿಗೆ ಹತ್ತಿಸುತ್ತಿತ್ತು. 1964ರ ಡಿಸೆಂಬರ್‌ನ ಚಂಡಮಾರುತ ಆ ಸಂಪರ್ಕವನ್ನು ಅಳಿಸಿಹಾಕಿತು. ಆದರೆ ದೋಣಿಗಳ ಓಡಾಟ ಉಳಿಯಿತು. 1983ರ ನಂತರ ಶ್ರೀಲಂಕಾದಲ್ಲಿ ಅಂತರ್ಯುದ್ಧ ಹೊತ್ತಿಕೊಂಡಾಗ ನಿರಾಶ್ರಿತರು, ಇಂಧನ, ಔಷಧಿ, ಶಸ್ತ್ರ ಎಲ್ಲವೂ ಇದೇ ಜಲಸಂಧಿಯಲ್ಲಿ ಸಾಗಿದವು, ಹೆರಾಯಿನ್ ಕೂಡ. ಅದೇ ದಶಕದಲ್ಲಿ ‘ಬ್ರೌನ್ ಶುಗರ್’ ಎಂಬ ಕಚ್ಚಾ ಹೆರಾಯಿನ್ ಉತ್ತರ ಚೆನ್ನೈಯ ಬಡ ಕೇರಿಗಳಲ್ಲಿ ಹರಡಿತು. ಮುಂದೆ ಹಲವರು ಸೇದುವುದನ್ನು ಬಿಟ್ಟು ಬ್ಯುಪ್ರೆನಾರ್ಫಿನ್‌ನಂಥ ಔಷಧಿಗಳನ್ನು ಚುಚ್ಚಿಕೊಳ್ಳಲು ಹತ್ತಿದರು. ಸೂಜಿ ಹಂಚಿಕೊಂಡದ್ದರಿಂದ ಎಚ್‌ಐವಿಯೂ ಹೆಪಟೈಟಿಸ್‌ ಸಿ ಕೂಡ ಹಬ್ಬಿದವು.

ಸಾಗುವ ವಸ್ತುಗಳು ಮತ್ತು ದಾರಿಗಳು

ಹೆರಾಯಿನ್: ರಾಜಸ್ಥಾನ–ಮಧ್ಯಪ್ರದೇಶದ ಕಡೆಯಿಂದ ರಸ್ತೆ, ರೈಲುಗಳಲ್ಲಿ ಬಂದು ಚೆನ್ನೈಯಲ್ಲಿ ಶ್ರೀಲಂಕಾದ ಏಜೆಂಟರ ಕೈಸೇರುವುದು ಹಳೆಯ ದಾರಿ. ಇತ್ತೀಚಿನ ದಾರಿ ಸಮುದ್ರದ್ದು. ಇರಾನ್–ಪಾಕಿಸ್ತಾನದ ಮಕ್ರಾನ್ ತೀರದಿಂದ ಹೊರಟ ಹಡಗು ಅರಬ್ಬಿ ಸಮುದ್ರದ ನಡುವೆ ಶ್ರೀಲಂಕಾದ ಮೀನುಗಾರಿಕೆ ದೋಣಿಗಳಿಗೆ ಸರಕು ದಾಟಿಸುತ್ತದೆ. 2020ರ ನವೆಂಬರ್‌ನಲ್ಲಿ ತೂತ್ತುಕ್ಕುಡಿಯ ದಕ್ಷಿಣಕ್ಕೆ ಕರಾವಳಿ ಕಾವಲು ಪಡೆ ‘ಶೆನಾಯ ದುವ’ ಎಂಬ ಶ್ರೀಲಂಕಾ ದೋಣಿಯನ್ನು ಹಿಡಿದಾಗ ಸುಮಾರು 100 ಕಿಲೊ ಹೆರಾಯಿನ್, ಸಂಶ್ಲೇಷಿತ ಮಾದಕವಸ್ತುಗಳು, ಐದು ಪಿಸ್ತೂಲು ಮತ್ತು ಒಂದು ಉಪಗ್ರಹ ಫೋನ್ ಸಿಕ್ಕವು. 2021ರ ಮಾರ್ಚ್‌ನಲ್ಲಿ ‘ರವಿಹಂಸಿ’ ದೋಣಿಯಲ್ಲಿ 300 ಕಿಲೊ ಹೆರಾಯಿನ್ ಜೊತೆಗೆ ಐದು ಎಕೆ–47 ಬಂದೂಕು ಮತ್ತು 1,000 ಗುಂಡುಗಳಿದ್ದವು. ಈ ಎರಡನೆಯ ಪ್ರಕರಣವನ್ನು ರಾಷ್ಟ್ರೀಯ ತನಿಖಾ ಸಂಸ್ಥೆ ಕೈಗೆತ್ತಿಕೊಂಡಾಗ ಬಂಧನಗಳು ಚೆನ್ನೈಯಲ್ಲೂ ನಡೆದವು. ಶ್ರೀಲಂಕಾದ ತಮಿಳು ಬಂಡುಕೋರ ಸಂಘಟನೆ ಎಲ್‌ಟಿಟಿಇಯ ಹಳೆಯ ಜಾಲ ಮತ್ತೆ ತಲೆಯೆತ್ತಲು ಮಾದಕವಸ್ತುವಿನ ಹಣ ಬಳಕೆಯಾಗುತ್ತಿದೆ ಎಂಬುದು ಆ ಸಂಸ್ಥೆಯ ಆರೋಪ.

ಗುಜರಾತಿನ ಮುಂದ್ರಾ ಬಂದರಿನಲ್ಲಿ 2021ರ ಸೆಪ್ಟೆಂಬರ್‌ನಲ್ಲಿ ಟಾಲ್ಕ್ ಕಲ್ಲಿನ ಕಂಟೇನರ್‌ಗಳಲ್ಲಿ ಸಿಕ್ಕ 2,988 ಕಿಲೊ ಹೆರಾಯಿನ್ ಪ್ರಕರಣಕ್ಕೂ ಚೆನ್ನೈಯ ಎಳೆಯಿತ್ತು. ಸರಕು ಅಫ್ಘಾನಿಸ್ತಾನದ್ದು, ಹಡಗು ಹತ್ತಿದ್ದು ಇರಾನಿನ ಬಂದರ್ ಅಬ್ಬಾಸ್‌ನಲ್ಲಿ, ಆಮದು ಸಂಸ್ಥೆಯ ವಿಳಾಸ ವಿಜಯವಾಡದ್ದು, ಅದನ್ನು ನಡೆಸುತ್ತಿದ್ದ ದಂಪತಿ ಸಿಕ್ಕಿದ್ದು ಚೆನ್ನೈಯಲ್ಲಿ. ಒಂದೇ ಸರಕಿನ ಕಾಗದಪತ್ರ ಎಷ್ಟು ಊರುಗಳಿಗೆ ಹರಡಿಕೊಂಡಿರುತ್ತದೆ ಎಂಬುದಕ್ಕೆ ಈ ಪ್ರಕರಣ ಉದಾಹರಣೆ.

ಗಾಂಜಾ: ತೂಕದ ಲೆಕ್ಕದಲ್ಲಿ ಅತಿ ಹೆಚ್ಚು ಸಿಗುವುದು ಇದೇ. ಆಂಧ್ರ–ಒಡಿಶಾ ಗಡಿಯಿಂದ ಚೆನ್ನೈ ಸೆಂಟ್ರಲ್‌ಗೆ ರೈಲಿನಲ್ಲಿ ಅಥವಾ ರಾಷ್ಟ್ರೀಯ ಹೆದ್ದಾರಿಯ ಲಾರಿಗಳಲ್ಲಿ ಬಂದು, ಒಂದು ಭಾಗ ತಮಿಳುನಾಡು, ಕೇರಳಗಳಲ್ಲಿ ಕರಗುತ್ತದೆ. ಇನ್ನೊಂದು ಭಾಗ ದಕ್ಷಿಣದ ತೀರದಿಂದ ನಾಡದೋಣಿಗಳಲ್ಲಿ ಶ್ರೀಲಂಕಾಕ್ಕೆ ಹೋಗುತ್ತದೆ. ಅಲ್ಲಿ ಅದು ‘ಕೇರಳ ಗಾಂಜಾ’ ಎಂದೇ ಹೆಸರಾಗಿದೆ. ಥಾಯ್ಲೆಂಡ್ 2022ರ ಜೂನ್‌ನಲ್ಲಿ ಗಾಂಜಾವನ್ನು ನಿಷೇಧಿತ ಪಟ್ಟಿಯಿಂದ ತೆಗೆದ ಮೇಲೆ, ಬ್ಯಾಂಕಾಕ್‌ನಿಂದ ಬರುವ ಪ್ರಯಾಣಿಕರ ಪೆಟ್ಟಿಗೆಗಳಲ್ಲಿ ಮಣ್ಣಿಲ್ಲದೆ ನೀರಿನಲ್ಲಿ ಬೆಳೆಸಿದ ‘ಹೈಡ್ರೋಪೋನಿಕ್’ ಗಾಂಜಾ ಚೆನ್ನೈ, ಬೆಂಗಳೂರು ವಿಮಾನ ನಿಲ್ದಾಣಗಳೆರಡರಲ್ಲೂ ಪದೇ ಪದೇ ಸಿಗುತ್ತಿದೆ.

ಕೆಟಮಿನ್ ಮತ್ತು ಸ್ಯೂಡೋಎಫೆಡ್ರಿನ್: ಇವು ಔಷಧ ಕಾರ್ಖಾನೆಯಲ್ಲಿ ನ್ಯಾಯವಾಗಿ ಹುಟ್ಟಿ ದಾರಿ ತಪ್ಪುವ ಸರಕುಗಳು. ಅರಿವಳಿಕೆಗೆ ಬಳಸುವ ಕೆಟಮಿನ್ 2000ದ ದಶಕದಲ್ಲಿ ಚೆನ್ನೈಯಿಂದ ಮಲೇಷ್ಯಾ, ಸಿಂಗಪುರಗಳ ಕಡೆಗೆ ಸಾಗುತ್ತಿತ್ತು. 2011ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಅದನ್ನು ಮನೋಪ್ರಭಾವಿ ವಸ್ತುಗಳ ಪಟ್ಟಿಗೆ ಸೇರಿಸುವವರೆಗೆ ಹಿಡಿದವರ ಮೇಲೆ ಹಾಕಬಹುದಾದ ಕಾನೂನು ದುರ್ಬಲವಾಗಿತ್ತು. ನೆಗಡಿಯ ಮಾತ್ರೆಗಳಲ್ಲಿ ಬಳಕೆಯಾಗುವ ಸ್ಯೂಡೋಎಫೆಡ್ರಿನ್ ಮೆಥಾಂಫೆಟಮಿನ್ ತಯಾರಿಕೆಯ ಕಚ್ಚಾವಸ್ತುವೂ ಹೌದು. ಅದನ್ನು ಆಹಾರದ ಪುಡಿ, ಒಣಕೊಬ್ಬರಿ ತುರಿಗಳ ಪೊಟ್ಟಣಗಳಲ್ಲಿ ಅಡಗಿಸಿ ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಿಗೆ ಕಳುಹಿಸುತ್ತಿದ್ದ ಜಾಲವನ್ನು 2024ರ ಫೆಬ್ರುವರಿಯಲ್ಲಿ ಮಾದಕವಸ್ತು ನಿಯಂತ್ರಣ ಬ್ಯೂರೊ (ಎನ್‌ಸಿಬಿ) ಮತ್ತು ದೆಹಲಿ ಪೊಲೀಸರು ದೆಹಲಿಯಲ್ಲಿ ಭೇದಿಸಿದರು. ಆಗ 50 ಕಿಲೊ ಸಿಕ್ಕಿತು. ಮೂರು ವರ್ಷಗಳಲ್ಲಿ ಸುಮಾರು 3,500 ಕಿಲೊ ರವಾನೆಯಾಗಿತ್ತೆಂಬುದು ಬ್ಯೂರೊದ ಆರೋಪ. ಚೆನ್ನೈಯ ತಮಿಳು ಚಲನಚಿತ್ರ ನಿರ್ಮಾಪಕರೊಬ್ಬರು ಬಂಧಿತರಾದದ್ದರಿಂದ ಪ್ರಕರಣ ರಾಜಕೀಯ ಚರ್ಚೆಗೂ ಗುರಿಯಾಯಿತು.

ಮೆಥಾಂಫೆಟಮಿನ್: ಮ್ಯಾನ್ಮಾರ್‌ನಿಂದ ಮಣಿಪುರದ ಗಡಿ ದಾಟಿ ರೈಲಿನಲ್ಲಿ, ಇಲ್ಲವೆ ಬಂಗಾಳ ಕೊಲ್ಲಿಯ ದಾರಿಯಲ್ಲಿ ಬರುತ್ತದೆ. 2024ರ ಮಾರ್ಚ್‌ನಲ್ಲಿ ಚೆನ್ನೈಯಿಂದ ಹೊರಟ ರೈಲಿನ ಪ್ರಯಾಣಿಕನೊಬ್ಬನಿಂದ ಮದುರೆಯಲ್ಲಿ ಕಂದಾಯ ಗುಪ್ತಚರ ನಿರ್ದೇಶನಾಲಯ 30 ಕಿಲೊ ವಶಪಡಿಸಿಕೊಂಡಿತು. ಅದೇ ಪ್ರಕರಣದ ಇನ್ನಷ್ಟು ಸರಕು ಚೆನ್ನೈಯ ಕೊಡುಂಗೈಯೂರಿನ ಕಸದ ರಾಶಿಯಲ್ಲಿ ಸಿಕ್ಕಿತು. ಅದು ಹೊರಟಿದ್ದು ಶ್ರೀಲಂಕಾದತ್ತ. ಅದೇ ವರ್ಷದ ನವೆಂಬರ್‌ನಲ್ಲಿ ಅಂಡಮಾನಿನ ಬ್ಯಾರೆನ್ ದ್ವೀಪದ ಬಳಿ ಮ್ಯಾನ್ಮಾರ್‌ನ ದೋಣಿಯೊಂದರಿಂದ ಕರಾವಳಿ ಕಾವಲು ಪಡೆ 5,000 ಕಿಲೊಗೂ ಹೆಚ್ಚು ಮೆಥಾಂಫೆಟಮಿನ್ ಹಿಡಿಯಿತು. ಸಮುದ್ರದಾರಿಯ ಗಾತ್ರ ಇದರಿಂದ ಬೆಳಕಿಗೆ ಬಂತು.

ಕೋಕೇನ್, ಎಂಡಿಎಂಎ, ಎಲ್‌ಎಸ್‌ಡಿ: ಕೋಕೇನ್ ದಕ್ಷಿಣ ಅಮೆರಿಕದ್ದು, ಆಫ್ರಿಕಾದ ವಿಮಾನ ನಿಲ್ದಾಣಗಳನ್ನು ಬಳಸಿ ಭಾರತಕ್ಕೆ ಬರುತ್ತದೆ. ಹೆರಾಯಿನ್ ಕೂಡ ಇದೇ ದಾರಿ ಹಿಡಿದದ್ದಿದೆ: 2021ರ ಜೂನ್‌ನಲ್ಲಿ ಜೋಹಾನ್ಸ್‌ಬರ್ಗ್‌ನಿಂದ ದೋಹಾ ಮೂಲಕ ಬಂದ ಇಬ್ಬರು ಟಾಂಜಾನಿಯಾ ಪ್ರಜೆಗಳಿಂದ ಚೆನ್ನೈ ಕಸ್ಟಮ್ಸ್ 70 ಕಿಲೊ ಹೆರಾಯಿನ್ ವಶಪಡಿಸಿಕೊಂಡಿತು. 2022ರ ಆಗಸ್ಟ್‌ನಲ್ಲಿ ಅಡಿಸ್ ಅಬಾಬಾದಿಂದ ಬಂದ ಪ್ರಯಾಣಿಕನ ಬಳಿ ಕೋಕೇನ್, ಹೆರಾಯಿನ್ ಸೇರಿ ಒಂಬತ್ತು ಕಿಲೊಗೂ ಹೆಚ್ಚು ಸಿಕ್ಕಿತು. ಹಡಗಿನ ದಾರಿಯಲ್ಲಿ 2021ರ ಏಪ್ರಿಲ್‌ನಲ್ಲಿ ತೂತ್ತುಕ್ಕುಡಿ ಬಂದರಿನಲ್ಲಿ ಪನಾಮಾದಿಂದ ಬಂದ ಮರದ ದಿಮ್ಮಿಗಳ ಕಂಟೇನರ್‌ನಲ್ಲಿ 300 ಕಿಲೊಗೂ ಹೆಚ್ಚು ಕೋಕೇನ್ ಪತ್ತೆಯಾಯಿತು. ಎಂಡಿಎಂಎ ಮಾತ್ರೆಗಳೂ ಎಲ್‌ಎಸ್‌ಡಿ ಅಂಟಿಸಿದ ಕಾಗದದ ಚೂರುಗಳೂ ನೆದರ್ಲೆಂಡ್ಸ್, ಜರ್ಮನಿಗಳಿಂದ ಅಂಚೆಯಲ್ಲಿ ಬರುತ್ತವೆ. ಕೊರೊನಾ ಕಾಲದಲ್ಲಿ ವಿಮಾನ ಪ್ರಯಾಣಿಕರು ಇಲ್ಲವಾದಾಗ ಚೆನ್ನೈಯ ವಿದೇಶಿ ಅಂಚೆ ಕಚೇರಿಯಲ್ಲಿ ಆಟಿಕೆ, ಶುಭಾಶಯ ಪತ್ರ, ಪುಸ್ತಕಗಳ ಪೊಟ್ಟಣಗಳಲ್ಲಿ ಇಂಥ ಸರಕು ಮತ್ತೆ ಮತ್ತೆ ಸಿಕ್ಕಿತು. ಆರ್ಡರ್ ಡಾರ್ಕ್‌ವೆಬ್‌ನಲ್ಲಿ, ಹಣ ಕ್ರಿಪ್ಟೊ ನಾಣ್ಯದಲ್ಲಿ. ತರಿಸಿಕೊಳ್ಳುವವರಲ್ಲಿ ಕಾಲೇಜು ವಿದ್ಯಾರ್ಥಿಗಳೂ ಇರುತ್ತಾರೆ.

ನೋವಿನ ಮಾತ್ರೆಗಳು: ಟ್ರಮಡಾಲ್ 2018ರಲ್ಲಿ ಮಾದಕವಸ್ತು ಕಾಯ್ದೆಯ ವ್ಯಾಪ್ತಿಗೆ ಬಂದ ಮೇಲೆ ತಪೆಂಟಡಾಲ್ ಎಂಬ ಇನ್ನೊಂದು ನೋವುನಿವಾರಕದ ದುರುಪಯೋಗ ತಮಿಳುನಾಡಿನಲ್ಲಿ ಬೆಳೆಯಿತು. ಮಾತ್ರೆಯನ್ನು ಅರೆದು, ನೀರಿಗೆ ಬೆರೆಸಿ, ರಕ್ತನಾಳಕ್ಕೆ ಚುಚ್ಚಿಕೊಳ್ಳುವ ಯುವಕರು ಸಾವಿನ ಅಂಚಿಗೆ ಹೋಗುತ್ತಿದ್ದಾರೆ. ಒಂದು ವಸ್ತುವನ್ನು ಕಟ್ಟಿಹಾಕಿದಾಗ ಮಾರಾಟಗಾರ ಅದರ ಪಕ್ಕದ ವಸ್ತುವಿಗೆ ಜಾರುತ್ತಾನೆ ಎಂಬ ಪಾಠ ಕೆಟಮಿನ್‌ನಿಂದ ಇಲ್ಲಿಯವರೆಗೂ ಪುನರಾವರ್ತನೆಯಾಗಿದೆ.

ಸಾಗಣೆಯ ಕ್ರಮ

ಸರಕಿನ ಒಡೆಯ ಸಾಮಾನ್ಯವಾಗಿ ಇನ್ನೊಂದು ದೇಶದಲ್ಲಿರುತ್ತಾನೆ. ಅವನ ಕೆಳಗೆ ಹಣ ಹೊಂದಿಸುವವರು, ದಾಸ್ತಾನು ಕಾಯುವವರು, ಸರಕು ಹೊರುವವರು ಬೇರೆ ಬೇರೆ. ಒಬ್ಬರಿಗೊಬ್ಬರ ಮುಖಪರಿಚಯ ಇರಬಾರದೆಂಬುದೇ ಜಾಲದ ನಿಯಮ. ಚೆನ್ನೈಯಿಂದ ಸಿಂಗಪುರ, ಮಲೇಷ್ಯಾ, ಕೊಲಂಬೊಗಳಿಗೆ ಕೈಸರಕು ಹೊತ್ತು ಹೋಗಿಬರುವವರನ್ನು ತಮಿಳಿನಲ್ಲಿ ‘ಕುರುವಿ’ ಎನ್ನುತ್ತಾರೆ. ಬಟ್ಟೆ, ಎಲೆಕ್ಟ್ರಾನಿಕ್ಸ್, ಚಿನ್ನ ಸಾಗಿಸುತ್ತಿದ್ದ ಈ ವ್ಯವಸ್ಥೆಯ ಮೇಲೆಯೇ ಮಾದಕವಸ್ತು ಜಾಲ ಕೂತುಕೊಂಡಿತು. ಟಿಕೆಟ್ ಮತ್ತು ಸ್ವಲ್ಪ ಕೂಲಿಯ ಆಸೆಗೆ ಒಪ್ಪುವವರು ಬಹುಪಾಲು ಬಡವರು, ಸಾಲಗಾರರು, ಕೆಲಸ ಹುಡುಕುವ ಯುವಕರು. ಪೆಟ್ಟಿಗೆಯ ಎರಡನೆಯ ತಳ, ಚಪ್ಪಲಿಯ ಅಟ್ಟೆ, ನುಂಗಿದ ಗುಳಿಗೆಗಳು ಅವರ ಅಡಗುತಾಣ. ಹೊಟ್ಟೆಯಲ್ಲಿ ಗುಳಿಗೆ ಒಡೆದರೆ ಹೊತ್ತವನ ಪ್ರಾಣವೇ ಹೋಗುತ್ತದೆ.

ಹಣ ಹವಾಲಾ, ಚಿನ್ನ ಮತ್ತು ಕ್ರಿಪ್ಟೊ ಮೂಲಕ ಹಿಂದಿರುಗುತ್ತದೆ. ಸರಕು ಹಿಡಿದಾಗ ಪ್ರಕರಣದ ಒಂದು ತುದಿ ಮಾತ್ರ ಕೈಗೆ ಬರುತ್ತದೆ. ಹಣದ ಜಾಡು ಹಿಡಿದರೆ ಒಡೆಯನ ಮನೆಯವರೆಗೂ ಹೋಗಬಹುದು. ಹಾಗಾಗಿ ಮಾದಕವಸ್ತು ತನಿಖೆಯ ಜೊತೆಗೆ 2002ರ ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯಡಿ ಜಾರಿ ನಿರ್ದೇಶನಾಲಯದ ತನಿಖೆಯೂ ಈಗ ಸಾಮಾನ್ಯವಾಗಿದೆ.

ಕಾನೂನು

1925ರ ಜಿನೀವಾ ಒಪ್ಪಂದದ ಜವಾಬ್ದಾರಿಗಳನ್ನು ಪೂರೈಸಲು ಬ್ರಿಟಿಷ್ ಭಾರತ 1930ರಲ್ಲಿ ಅಪಾಯಕಾರಿ ಮಾದಕವಸ್ತುಗಳ ಕಾಯ್ದೆ ತಂದಿತು. ಸ್ವಾತಂತ್ರ್ಯಾನಂತರ ಭಾರತ ವಿಶ್ವಸಂಸ್ಥೆಯ 1961, 1971 ಮತ್ತು 1988ರ ಮೂರೂ ಒಪ್ಪಂದಗಳಿಗೆ ಸೇರಿತು. ಹಳೆಯ ಕಾಯ್ದೆಗಳ ಜಾಗದಲ್ಲಿ 1985ರ ನವೆಂಬರ್ 14ರಂದು ಮಾದಕವಸ್ತು ಮತ್ತು ಮನೋಪ್ರಭಾವಿ ವಸ್ತುಗಳ ಕಾಯ್ದೆ, ಅಂದರೆ ಎನ್‌ಡಿಪಿಎಸ್ ಕಾಯ್ದೆ, ಜಾರಿಗೆ ಬಂತು. 1989, 2001 ಮತ್ತು 2014ರಲ್ಲಿ ಅದಕ್ಕೆ ದೊಡ್ಡ ತಿದ್ದುಪಡಿಗಳಾದವು.

ಶಿಕ್ಷೆ ಪ್ರಮಾಣವನ್ನು ಅವಲಂಬಿಸಿದೆ. ಹೆರಾಯಿನ್ 5 ಗ್ರಾಂವರೆಗೆ ‘ಅಲ್ಪ ಪ್ರಮಾಣ’, 250 ಗ್ರಾಂ ಮೀರಿದರೆ ‘ವಾಣಿಜ್ಯ ಪ್ರಮಾಣ’. ಗಾಂಜಾಕ್ಕೆ ಈ ಗೆರೆಗಳು 1 ಕಿಲೊ ಮತ್ತು 20 ಕಿಲೊ. ಕೋಕೇನಿಗೆ 2 ಗ್ರಾಂ ಮತ್ತು 100 ಗ್ರಾಂ. ಅಲ್ಪ ಪ್ರಮಾಣಕ್ಕೆ ಒಂದು ವರ್ಷದವರೆಗೆ ಸಜೆ. ವಾಣಿಜ್ಯ ಪ್ರಮಾಣಕ್ಕೆ ಕನಿಷ್ಠ 10 ವರ್ಷ, ಗರಿಷ್ಠ 20 ವರ್ಷ ಕಠಿಣ ಸಜೆ ಮತ್ತು ಕನಿಷ್ಠ 1 ಲಕ್ಷ ರೂಪಾಯಿ ದಂಡ. 37ನೇ ಸೆಕ್ಷನ್ ಪ್ರಕಾರ ವಾಣಿಜ್ಯ ಪ್ರಮಾಣದ ಪ್ರಕರಣದಲ್ಲಿ ಆರೋಪಿ ತಪ್ಪಿತಸ್ಥನಲ್ಲವೆಂದು ನಂಬಲು ಕಾರಣವಿದೆಯೆಂದು ನ್ಯಾಯಾಲಯಕ್ಕೆ ಅನಿಸಿದರೆ ಮಾತ್ರ ಜಾಮೀನು. ಇಷ್ಟು ಕಠಿಣ ಕಾಯ್ದೆಗೆ ಅಷ್ಟೇ ಕಟ್ಟುನಿಟ್ಟಿನ ರಕ್ಷಣೆಗಳೂ ಇವೆ. ದೇಹ ತಪಾಸಣೆಗೆ ಮುನ್ನ ಗೆಜೆಟೆಡ್ ಅಧಿಕಾರಿ ಇಲ್ಲವೆ ಮ್ಯಾಜಿಸ್ಟ್ರೇಟರ ಎದುರು ಶೋಧನೆಗೊಳಗಾಗುವ ಹಕ್ಕಿದೆ ಎಂದು ತಿಳಿಸಬೇಕು. ಮಾದರಿ ತೆಗೆಯುವಾಗ ಮ್ಯಾಜಿಸ್ಟ್ರೇಟರ ದೃಢೀಕರಣ ಬೇಕು. ಈ ಕ್ರಮ ತಪ್ಪಿದ್ದರಿಂದ ಬಿದ್ದುಹೋದ ಪ್ರಕರಣಗಳು ಬಹಳ.

ಕಚ್ಚಾ ರಾಸಾಯನಿಕಗಳಿಗೆ 1993ರಲ್ಲಿ ಹೊರಡಿಸಿದ, 2013ರಲ್ಲಿ ಹೊಸದಾಗಿ ಬರೆದ ನಿಯಂತ್ರಿತ ವಸ್ತುಗಳ ಆದೇಶವಿದೆ. ವಿಚಾರಣೆಯಿಲ್ಲದೆ ಮುಂಜಾಗ್ರತೆಯಾಗಿ ಬಂಧಿಸಲು 1988ರ ಕೇಂದ್ರ ಕಾಯ್ದೆ ಅವಕಾಶ ಕೊಡುತ್ತದೆ. ತಮಿಳುನಾಡಿನ 1982ರ ಗೂಂಡಾ ಕಾಯ್ದೆಯೂ ಮಾದಕವಸ್ತು ಅಪರಾಧಿಗಳಿಗೆ ಅನ್ವಯಿಸುತ್ತದೆ.

ನಿಯಂತ್ರಣ ಸಂಸ್ಥೆಗಳು

ಎನ್‌ಸಿಬಿ 1986ರ ಮಾರ್ಚ್ 17ರಂದು ಸ್ಥಾಪನೆಯಾಯಿತು. ಅದರ ಚೆನ್ನೈ ವಲಯ ಕಚೇರಿ ಅಯಪಾಕ್ಕಂನಲ್ಲಿದೆ. ಬಂದರು, ವಿಮಾನ ನಿಲ್ದಾಣ, ಅಂಚೆ ಕಚೇರಿಗಳ ಮೊದಲ ಕಾವಲು ರಾಜಾಜಿ ಸಾಲೈಯ ಕಸ್ಟಮ್ಸ್ ಹೌಸ್‌ಗೆ ಸೇರಿದ್ದು. 1957ರಲ್ಲಿ ಹುಟ್ಟಿದ ಕಂದಾಯ ಗುಪ್ತಚರ ನಿರ್ದೇಶನಾಲಯ ಆಮದು–ರಫ್ತಿನ ಕಾಗದಪತ್ರಗಳ ವಿಶ್ಲೇಷಣೆಯಿಂದ ಅನುಮಾನದ ಕಂಟೇನರ್‌ಗಳನ್ನು ಗುರುತಿಸುತ್ತದೆ. ಸಮುದ್ರದಲ್ಲಿ ಕರಾವಳಿ ಕಾವಲು ಪಡೆಯ ಪೂರ್ವ ವಲಯಕ್ಕೆ ಚೆನ್ನೈಯೇ ಕೇಂದ್ರಸ್ಥಾನ. ದಡದ ಹತ್ತಿರ ತಮಿಳುನಾಡು ಪೊಲೀಸರ ಕರಾವಳಿ ಭದ್ರತಾ ದಳವಿದೆ. ರೈಲುಗಳಲ್ಲಿ ಶೋಧಿಸಿ ವಶಪಡಿಸಿಕೊಳ್ಳುವ ಅಧಿಕಾರ ರೈಲ್ವೆ ರಕ್ಷಣಾ ಪಡೆಗೆ 2019ರಲ್ಲಿ ಸಿಕ್ಕಿತು. ಭಯೋತ್ಪಾದನೆಯ ನಂಟಿರುವ ಪ್ರಕರಣಗಳು ರಾಷ್ಟ್ರೀಯ ತನಿಖಾ ಸಂಸ್ಥೆಗೆ ಹೋಗುತ್ತವೆ.

ರಾಜ್ಯ ಮಟ್ಟದಲ್ಲಿ ಮಾದಕವಸ್ತು ಗುಪ್ತಚರ ಘಟಕ ಮತ್ತು ಮದ್ಯನಿಷೇಧ ಜಾರಿ ದಳಗಳು ಕೂಡಿ ‘ಎನ್‌ಫೋರ್ಸ್‌ಮೆಂಟ್ ಬ್ಯೂರೊ ಸಿಐಡಿ’ ಆಗಿವೆ. ಪೊಲೀಸ್ ಮಹಾನಿರ್ದೇಶಕರಾಗಿದ್ದ ಸಿ. ಶೈಲೇಂದ್ರಬಾಬು ಅವರ ಕಾಲದಲ್ಲಿ 2021ರ ಡಿಸೆಂಬರ್‌ನಿಂದ ‘ಗಾಂಜಾ ವೇಟ್ಟೈ’ ಎಂಬ ಸರಣಿ ಕಾರ್ಯಾಚರಣೆಗಳು ನಡೆದವು. ಬೇಟೆ ಬರಿಯ ಚಿಲ್ಲರೆ ಮಾರಾಟಗಾರರಿಗೆ ಸೀಮಿತವಾಗದೆ ಆಂಧ್ರದ ಪೂರೈಕೆದಾರರನ್ನೂ ಅವರ ಬ್ಯಾಂಕ್ ಖಾತೆಗಳನ್ನೂ ತಲುಪಿದ್ದು ಅದರ ವಿಶೇಷ. 2022ರ ಆಗಸ್ಟ್‌ನಲ್ಲಿ ಮುಖ್ಯಮಂತ್ರಿ ಎಂ.ಕೆ. ಸ್ಟಾಲಿನ್ ಮಾದಕವಸ್ತು ಮುಕ್ತ ತಮಿಳುನಾಡು ಅಭಿಯಾನಕ್ಕೆ ಚಾಲನೆ ಕೊಟ್ಟರು.

ವಶಪಡಿಸಿಕೊಂಡ ಸರಕನ್ನು ನ್ಯಾಯಾಲಯದ ಅನುಮತಿ ಪಡೆದು, ಸಮಿತಿಯೊಂದರ ಮೇಲ್ವಿಚಾರಣೆಯಲ್ಲಿ ನಾಶ ಮಾಡುತ್ತಾರೆ. ಚೆನ್ನೈಯ ಸಂಸ್ಥೆಗಳು ಇದಕ್ಕೆ ಚೆಂಗಲ್ಪಟ್ಟು ಜಿಲ್ಲೆಯಲ್ಲಿ ವೈದ್ಯಕೀಯ ತ್ಯಾಜ್ಯ ಸುಡುವ ಘಟಕವನ್ನು ಬಳಸುತ್ತವೆ. ಉಗ್ರಾಣದಲ್ಲಿ ವರ್ಷಗಟ್ಟಲೆ ಕೂತ ಸರಕು ಮತ್ತೆ ಬೀದಿಗೆ ಸೋರಿಹೋಗುವ ಅಪಾಯವಿರುವುದರಿಂದ ಬೇಗ ಸುಡುವುದೂ ನಿಯಂತ್ರಣದ ಒಂದು ಅಂಗ.

ತೂಫಾನ್ ಸಿಂಗ್ ಪ್ರಕರಣ

ದೇಶದ ಮಾದಕವಸ್ತು ಕಾನೂನನ್ನೇ ತಿರುಗಿಸಿದ ತೀರ್ಪೊಂದು ಚೆನ್ನೈಯ ದಾಳಿಯಿಂದ ಹುಟ್ಟಿತು. 2004ರ ಅಕ್ಟೋಬರ್‌ನಲ್ಲಿ ಎನ್‌ಸಿಬಿಯ ಚೆನ್ನೈ ಅಧಿಕಾರಿಗಳು ಕಾರೊಂದನ್ನು ತಡೆದು ಐದು ಕಿಲೊಗೂ ಹೆಚ್ಚು ಹೆರಾಯಿನ್ ಹಿಡಿದರು. ರಾಜಸ್ಥಾನ–ಮಧ್ಯಪ್ರದೇಶದ ಕಡೆಯ ಸರಕು, ಚೆನ್ನೈಯಲ್ಲಿ ಕೈಬದಲು, ಶ್ರೀಲಂಕಾಕ್ಕೆ ರವಾನೆ: ಇದು ಅಧಿಕಾರಿಗಳು ವಿವರಿಸಿದ ದಾರಿ. ಆರೋಪಿಗಳಲ್ಲಿ ಒಬ್ಬನಾದ ತೂಫಾನ್ ಸಿಂಗ್‌ಗೆ 10 ವರ್ಷ ಸಜೆಯಾಯಿತು. ಶಿಕ್ಷೆಗೆ ಮುಖ್ಯ ಆಧಾರ, ಕಾಯ್ದೆಯ 67ನೇ ಸೆಕ್ಷನ್ ಅಡಿಯಲ್ಲಿ ಅಧಿಕಾರಿಗಳೇ ಬರೆದುಕೊಂಡಿದ್ದ ಅವನ ಹೇಳಿಕೆ.

ಎನ್‌ಸಿಬಿ ಅಧಿಕಾರಿ ‘ಪೊಲೀಸ್ ಅಧಿಕಾರಿ’ಯೇ? ಹೌದಾದರೆ ಅವರ ಎದುರಿನ ತಪ್ಪೊಪ್ಪಿಗೆ ಸಾಕ್ಷ್ಯವಾಗದು. ಈ ಪ್ರಶ್ನೆಯನ್ನು ಸುಪ್ರೀಂ ಕೋರ್ಟ್ 2013ರಲ್ಲಿ ದೊಡ್ಡ ಪೀಠಕ್ಕೆ ವಹಿಸಿತು. 2020ರ ಅಕ್ಟೋಬರ್ 29ರಂದು ನ್ಯಾಯಮೂರ್ತಿಗಳಾದ ಆರ್.ಎಫ್. ನಾರಿಮನ್ ಮತ್ತು ನವೀನ್ ಸಿನ್ಹಾ ಬಹುಮತದಿಂದ ಹೌದೆಂದರು. ನ್ಯಾಯಮೂರ್ತಿ ಇಂದಿರಾ ಬ್ಯಾನರ್ಜಿ ಭಿನ್ನಮತ ಬರೆದರು. ಅಂದಿನಿಂದ 67ನೇ ಸೆಕ್ಷನ್‌ನ ಹೇಳಿಕೆಯನ್ನೇ ತಪ್ಪೊಪ್ಪಿಗೆಯಾಗಿ ನ್ಯಾಯಾಲಯದ ಮುಂದಿಡಲು ಸಾಧ್ಯವಿಲ್ಲ. ಹಲವು ಆರೋಪಿಗಳಿಗೆ ಇದರಿಂದ ಜಾಮೀನು ಸಿಕ್ಕಿತೆಂಬ ದೂರು ತನಿಖಾಧಿಕಾರಿಗಳದ್ದು. ಆದರೆ ತೀರ್ಪು ತನಿಖೆಯನ್ನು ಸರಿಯಾದ ದಾರಿಗೆ ತಳ್ಳಿತು ಎನ್ನಬೇಕು. ಫೋನ್ ದಾಖಲೆ, ಬ್ಯಾಂಕ್ ವ್ಯವಹಾರ, ಪ್ರಯಾಣದ ಟಿಕೆಟ್, ಪ್ರಯೋಗಾಲಯದ ವರದಿಗಳನ್ನು ಕೂಡಿಸಿ ಕಟ್ಟಿದ ಪ್ರಕರಣ ಹೊರುವವನಿಂದ ಒಡೆಯನವರೆಗೆ ಹೋಗಬಲ್ಲದು. ಬರಿಯ ಹೇಳಿಕೆಯ ಮೇಲೆ ನಿಂತದ್ದು ಹೊರುವವನಲ್ಲೇ ನಿಲ್ಲುತ್ತದೆ.

ಅಂತರರಾಷ್ಟ್ರೀಯ ಸಹಕಾರ

ಸಾರ್ಕ್ ದೇಶಗಳು 1990ರಲ್ಲಿ ಮಾಲೆಯಲ್ಲಿ ಮಾದಕವಸ್ತು ವಿರೋಧಿ ಒಪ್ಪಂದಕ್ಕೆ ಸಹಿ ಹಾಕಿದವು. ಬಂಗಾಳ ಕೊಲ್ಲಿಯ ಸುತ್ತಲಿನ ದೇಶಗಳ ಬಿಮ್ಸ್‌ಟೆಕ್ ಕೂಟ 2009ರಲ್ಲಿ ಭಯೋತ್ಪಾದನೆ, ಸಂಘಟಿತ ಅಪರಾಧ ಮತ್ತು ಮಾದಕವಸ್ತು ಸಾಗಣೆಯ ವಿರುದ್ಧ ಒಪ್ಪಂದ ಮಾಡಿಕೊಂಡಿತು. ಅದು ಜಾರಿಗೆ ಬಂದದ್ದು 2021ರಲ್ಲಿ. ಕಚ್ಚಾ ರಾಸಾಯನಿಕಗಳ ರಫ್ತಿಗೆ ಮುನ್ನ ಆಮದು ದೇಶಕ್ಕೆ ಸೂಚನೆ ಕೊಡುವ ವ್ಯವಸ್ಥೆಯನ್ನು ಅಂತರರಾಷ್ಟ್ರೀಯ ಮಾದಕವಸ್ತು ನಿಯಂತ್ರಣ ಮಂಡಳಿ ನಡೆಸುತ್ತದೆ. ಔಷಧ ರಫ್ತು ಹೆಚ್ಚಿರುವ ಭಾರತಕ್ಕೆ ಇದು ಮುಖ್ಯ.

‘ನಿಯಂತ್ರಿತ ವಿತರಣೆ’ ಎಂಬ ತನಿಖಾ ತಂತ್ರಕ್ಕೆ 2001ರ ತಿದ್ದುಪಡಿಯಲ್ಲಿ ಅವಕಾಶ ದೊರೆಯಿತು. ಸಿಕ್ಕ ಪೊಟ್ಟಣವನ್ನು ತಕ್ಷಣ ವಶಪಡಿಸಿಕೊಳ್ಳದೆ, ಕಣ್ಗಾವಲಿನಲ್ಲಿ ಮುಂದಕ್ಕೆ ಬಿಟ್ಟು, ಪಡೆಯುವವನನ್ನು ಹಿಡಿಯುವುದು ಇದರ ಕ್ರಮ. ಎರಡು ದೇಶಗಳ ಅಧಿಕಾರಿಗಳು ಗಂಟೆಗಳ ಲೆಕ್ಕದಲ್ಲಿ ಮಾತಾಡಿಕೊಳ್ಳದಿದ್ದರೆ ಇದು ನಡೆಯದು. ಎನ್‌ಸಿಬಿ ನೌಕಾಪಡೆಯ ಜೊತೆ 2022ರಲ್ಲಿ ಆರಂಭಿಸಿದ ‘ಆಪರೇಷನ್ ಸಮುದ್ರಗುಪ್ತ’ ಮರುವರ್ಷದ ಮೇ ತಿಂಗಳಲ್ಲಿ ಕೇರಳ ತೀರದಾಚೆ ಸುಮಾರು 2,500 ಕಿಲೊ ಮೆಥಾಂಫೆಟಮಿನ್ ಹಿಡಿಯಿತು. ಶ್ರೀಲಂಕಾ, ಮಾಲ್ಡೀವ್ಸ್‌ಗಳ ಜೊತೆ ಮಾಹಿತಿ ಹಂಚಿಕೊಂಡದ್ದು ಈ ಕಾರ್ಯಾಚರಣೆಯ ಬಲ. ಆದರೆ ಪಾಕ್ ಜಲಸಂಧಿಯಲ್ಲಿ ಮೀನುಗಾರರ ಬಂಧನದ ವಿವಾದ ಎರಡು ದೇಶಗಳ ನಡುವೆ ಆಗಾಗ ಕಹಿ ಹುಟ್ಟಿಸುತ್ತದೆ. ತೀರದ ಜನರ ವಿಶ್ವಾಸ ಕಳೆದುಕೊಂಡರೆ ಕಳ್ಳದೋಣಿಯ ಸುದ್ದಿ ಮೊದಲು ತಲುಪಬೇಕಾದ ದಾರಿಯೇ ಮುಚ್ಚಿಹೋಗುತ್ತದೆ.

ಕರ್ನಾಟಕದ ನಂಟು

ಚೆನ್ನೈ ಮತ್ತು ಬೆಂಗಳೂರು ಒಂದೇ ಪೂರೈಕೆ ಜಾಲದ ಎರಡು ಮಾರುಕಟ್ಟೆಗಳು. ಆಂಧ್ರದ ಗಾಂಜಾ, ಬ್ಯಾಂಕಾಕ್‌ನ ಹೈಡ್ರೋಪೋನಿಕ್ ಗಾಂಜಾ, ಅಂಚೆಯ ಎಂಡಿಎಂಎ ಎರಡೂ ನಗರಗಳಿಗೆ ಬರುತ್ತವೆ. ಒಂದು ಕಡೆ ಕಾವಲು ಬಿಗಿಯಾದರೆ ಸರಕು ಇನ್ನೊಂದು ಕಡೆಗೆ ತಿರುಗುತ್ತದೆ. 2025ರ ಮಾರ್ಚ್‌ನಲ್ಲಿ ಮಂಗಳೂರು ಸಿಸಿಬಿ ಪೊಲೀಸರು ಚಿಲ್ಲರೆ ಮಾರಾಟಗಾರರ ಜಾಡು ಹಿಡಿದು ಬೆಂಗಳೂರಿನಲ್ಲಿ ಇಬ್ಬರು ದಕ್ಷಿಣ ಆಫ್ರಿಕಾ ಮಹಿಳೆಯರಿಂದ 37.87 ಕಿಲೊ ಎಂಡಿಎಂಎ ವಶಪಡಿಸಿಕೊಂಡರು. ಕರಾವಳಿಯ ಕಾಲೇಜು ಊರಿನಿಂದ ಹೊರಟ ತನಿಖೆ ದೆಹಲಿ–ಬೆಂಗಳೂರು ವಿಮಾನದ ಸರಕನ್ನು ತಲುಪಿದ್ದು ತಾಳ್ಮೆಯ ಪೊಲೀಸ್ ಕೆಲಸಕ್ಕೆ ಮಾದರಿ. ಚಿಕಿತ್ಸೆಯ ಕಡೆ, ಬೆಂಗಳೂರಿನ ನಿಮ್ಹಾನ್ಸ್‌ನ ವ್ಯಸನ ವೈದ್ಯಕೀಯ ಕೇಂದ್ರಕ್ಕೆ ದಕ್ಷಿಣದ ಎಲ್ಲ ರಾಜ್ಯಗಳಿಂದ ರೋಗಿಗಳು ಬರುತ್ತಾರೆ.

ಚಿಕಿತ್ಸೆ ಮತ್ತು ಪುನರ್ವಸತಿ

ಸಾಗಣೆಯ ತಾಣವಾದ ಚೆನ್ನೈ ಚಿಕಿತ್ಸೆಯಲ್ಲಿ ದೇಶಕ್ಕೆ ದಾರಿ ತೋರಿಸಿದೆ. ಪತಿ ಟಿ.ಟಿ. ರಂಗನಾಥನ್ ಅವರನ್ನು ಮದ್ಯವ್ಯಸನದಿಂದ ಕಳೆದುಕೊಂಡ ಶಾಂತಿ ರಂಗನಾಥನ್ 1980ರಲ್ಲಿ ಅವರ ಹೆಸರಿನಲ್ಲಿ ಚಿಕಿತ್ಸಾ ಸಂಶೋಧನ ಪ್ರತಿಷ್ಠಾನ ಸ್ಥಾಪಿಸಿದರು. ಟಿಟಿಕೆ ಆಸ್ಪತ್ರೆ ಎಂದು ಹೆಸರಾದ ಅದು ದೇಶದ ಮೊದಲ ವ್ಯಸನಮುಕ್ತಿ ಕೇಂದ್ರಗಳಲ್ಲಿ ಒಂದು. ವ್ಯಸನವನ್ನು ನಡತೆಗೇಡಿತನವೆಂದು ಕಾಣುತ್ತಿದ್ದ ಕಾಲದಲ್ಲಿ ಅದನ್ನು ರೋಗವೆಂದು ಹೇಳಿ, ರೋಗಿಯ ಜೊತೆ ಹೆಂಡತಿ, ತಂದೆತಾಯಿಯರನ್ನೂ ಚಿಕಿತ್ಸೆಯಲ್ಲಿ ಸೇರಿಸಿಕೊಂಡದ್ದು ಅವರ ಕಾಣಿಕೆ. ಹಳ್ಳಿಗಳಲ್ಲಿ ಶಿಬಿರ ಹೂಡಿ ಅಲ್ಲೇ ಚಿಕಿತ್ಸೆ ಕೊಡುವ ಪದ್ಧತಿಯನ್ನೂ ಸಂಸ್ಥೆ ಬೆಳೆಸಿತು. 1992ರಲ್ಲಿ ಅವರಿಗೆ ಪದ್ಮಶ್ರೀ, 1999ರಲ್ಲಿ ವಿಶ್ವಸಂಸ್ಥೆಯ ವಿಯೆನ್ನಾ ನಾಗರಿಕ ಸಮಾಜ ಪ್ರಶಸ್ತಿ ಸಂದವು.

1986ರಲ್ಲಿ ದೇಶದ ಮೊದಲ ಎಚ್‌ಐವಿ ಸೋಂಕುಗಳನ್ನು ಚೆನ್ನೈಯಲ್ಲಿ ಪತ್ತೆಹಚ್ಚಿದ ತಂಡದ ಡಾ. ಸುನೀತಿ ಸಾಲೊಮನ್ ಸ್ಥಾಪಿಸಿದ ವೈಆರ್‌ಜಿ ಕೇರ್, ಮಾದಕವಸ್ತು ಚುಚ್ಚಿಕೊಳ್ಳುವವರ ನಡುವೆ ಕೆಲಸ ಮಾಡಿತು. ಶುದ್ಧ ಸೂಜಿ ಕೊಡುವುದು, ಬದಲಿ ಔಷಧಿಯಿಂದ ಚಟವನ್ನು ಹತೋಟಿಗೆ ತರುವುದು, ಎಚ್‌ಐವಿ ಮತ್ತು ಯಕೃತ್ತಿನ ರೋಗಕ್ಕೆ ಅಲ್ಲೇ ಚಿಕಿತ್ಸೆ ಒದಗಿಸುವುದು ಪ್ರಾಣ ಉಳಿಸುವ ಕ್ರಮಗಳೆಂದು ಈ ಅನುಭವ ತೋರಿಸಿಕೊಟ್ಟಿತು. ಸರ್ಕಾರಿ ವ್ಯವಸ್ಥೆಯಲ್ಲಿ ಕೀಳ್ಪಾಕ್ಕಂನ ಮಾನಸಿಕ ಆರೋಗ್ಯ ಸಂಸ್ಥೆ ಮುಖ್ಯವಾದುದು. 2025ರಲ್ಲಿ ತಮಿಳುನಾಡು ಸರ್ಕಾರ ಸರ್ಕಾರಿ ಆಸ್ಪತ್ರೆಗಳಲ್ಲಿ ‘ಕಲಂಗರೈ’ ಹೆಸರಿನ ಚಿಕಿತ್ಸಾ ಕೇಂದ್ರಗಳನ್ನು ತೆರೆಯಿತು.

ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 3.1 ಕೋಟಿ ಜನ ಗಾಂಜಾ, ಭಂಗಿಯಂಥ ವಸ್ತುಗಳನ್ನೂ 2.26 ಕೋಟಿ ಜನ ಅಫೀಮು ಮೂಲದ ವಸ್ತುಗಳನ್ನೂ ಬಳಸುತ್ತಾರೆ. ಚಿಕಿತ್ಸೆ ಬೇಕಾದವರಲ್ಲಿ ಅದು ಸಿಗುವುದು ಕೆಲವರಿಗೆ ಮಾತ್ರ. ಎನ್‌ಡಿಪಿಎಸ್ ಕಾಯ್ದೆಯ 64ಎ ಸೆಕ್ಷನ್ ಪ್ರಕಾರ, ಸೇವನೆ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿ ತಾನಾಗಿ ಸರ್ಕಾರಿ ಅಥವಾ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆಗೆ ಬಂದರೆ ಮೊಕದ್ದಮೆಯಿಂದ ವಿನಾಯಿತಿ ಇದೆ. ಪೊಲೀಸ್ ಠಾಣೆಯ ಭಯದಿಂದ ಆಸ್ಪತ್ರೆಗೆ ಬಾರದಿರುವ ಕುಟುಂಬಗಳಿಗೆ ಈ ವಿಷಯ ತಿಳಿಯಬೇಕು. ರಾಷ್ಟ್ರೀಯ ವ್ಯಸನಮುಕ್ತಿ ಸಹಾಯವಾಣಿ 14446. ಸಾಗಣೆಯ ಬಗ್ಗೆ ಹೆಸರು ಹೇಳದೆ ಮಾಹಿತಿ ಕೊಡಲು 2024ರ ಜುಲೈನಲ್ಲಿ ಆರಂಭವಾದ ‘ಮಾನಸ್’ ಸಹಾಯವಾಣಿ 1933.

ಸವಾಲುಗಳು

ವಶಪಡಿಸಿಕೊಂಡ ಕಿಲೊಗಳ ಲೆಕ್ಕ ಪತ್ರಿಕೆಯಲ್ಲಿ ಬೇಗ ಕಾಣುತ್ತದೆ, ಆದರೆ ಯಶಸ್ಸಿನ ಅಳತೆಗೋಲು ಅದೊಂದೇ ಆಗಲಾರದು. ಕಂಟೇನರ್‌ಗಳಲ್ಲಿ ತೆರೆದು ನೋಡಲು ಸಾಧ್ಯವಾಗುವುದು ಅಲ್ಪ ಭಾಗವನ್ನು. ಉಳಿದದ್ದಕ್ಕೆ ಎಕ್ಸ್‌ರೇ ಯಂತ್ರ, ಕಾಗದಪತ್ರಗಳ ವಿಶ್ಲೇಷಣೆ, ಗುಪ್ತ ಮಾಹಿತಿಯೇ ಗತಿ. ವಿಚಾರಣೆ ವರ್ಷಗಟ್ಟಲೆ ಎಳೆದರೆ ಸಾಕ್ಷಿಗಳು ಚದುರುತ್ತಾರೆ. ವಿದೇಶದಲ್ಲಿರುವ ಒಡೆಯನ ಹಸ್ತಾಂತರ ಅದಕ್ಕಿಂತ ನಿಧಾನ. ಈ ನಡುವೆ ಜೈಲು ಸೇರುವವರಲ್ಲಿ ಹೆಚ್ಚಿನವರು ಕೂಲಿಗೆ ಸರಕು ಹೊತ್ತವರು, ತಮ್ಮ ಚಟಕ್ಕಾಗಿ ಚಿಲ್ಲರೆ ಮಾರಿದವರು. ಅವರ ಜಾಗಕ್ಕೆ ಮರುದಿನವೇ ಇನ್ನೊಬ್ಬರು ಸಿಗುತ್ತಾರೆ, ಜಾಲಕ್ಕೆ ನಷ್ಟವಿಲ್ಲ.

ಹಾಗಾಗಿ ಚೆನ್ನೈಯಂಥ ಬಂದರು ನಗರದಲ್ಲಿ ನಿಯಂತ್ರಣದ ಫಲವನ್ನು ಅಳೆಯಬೇಕಾದುದು ಬೇರೆ ಪ್ರಶ್ನೆಗಳಿಂದ: ಎಷ್ಟು ಪ್ರಕರಣಗಳಲ್ಲಿ ತನಿಖೆ ಹಣ ಹೂಡಿದವನನ್ನು ಮುಟ್ಟಿತು, ಎಷ್ಟು ಆಸ್ತಿ ಮುಟ್ಟುಗೋಲಾಯಿತು, ಕಾರ್ಖಾನೆಯಿಂದ ಹೊರಟ ಎಷ್ಟು ಔಷಧಕ್ಕೆ ಕೊನೆಯವರೆಗೆ ಲೆಕ್ಕ ಸಿಕ್ಕಿತು, ವ್ಯಸನಕ್ಕೆ ಬಿದ್ದ ಎಷ್ಟು ಮಂದಿಗೆ ತಮ್ಮ ಊರಿನ ಆಸ್ಪತ್ರೆಯಲ್ಲೇ ಹಾಸಿಗೆ ದೊರೆಯಿತು. ಕಾನೂನು, ಸಂಸ್ಥೆಗಳು, ಒಪ್ಪಂದಗಳು ಈಗಾಗಲೇ ಇವೆ. ವೈದ್ಯಕೀಯ ಅನುಭವವೂ ಈ ನಗರಕ್ಕೆ ದೊಡ್ಡದಿದೆ. ಪೊಲೀಸ್ ಠಾಣೆ, ಕಸ್ಟಮ್ಸ್ ಹೌಸ್ ಮತ್ತು ಆಸ್ಪತ್ರೆ ಒಂದೇ ಕೆಲಸದ ಮೂರು ಭಾಗಗಳೆಂದು ತಿಳಿದು ನಡೆದರೆ ಅವೆಲ್ಲಕ್ಕೂ ಬಲ ಬರುತ್ತದೆ.